ಎಂಟು ಗಂಟೆಯ ಅಕ್ಕ

ಆ ಆಫೀಸಿನಲ್ಲಿ ‘ಸರಿ ಮಾಡು’ ಎನ್ನುವ ಮಾತಿಗೆ ಯಾವ ನಿಘಂಟಿನಲ್ಲೂ ಇಲ್ಲದ ಒಂದು ಅರ್ಥವಿತ್ತು. ಬೇರೆ ಕಡೆಯೆಲ್ಲ ತಪ್ಪಾದದ್ದನ್ನು ಸರಿ ಮಾಡುತ್ತಾರೆ. ಇಲ್ಲಿ ಸರಿಯಾಗಿದ್ದದ್ದನ್ನು ತಪ್ಪು ಮಾಡುವುದಕ್ಕೇ ಸರಿ ಮಾಡುವುದು ಎನ್ನುತ್ತಿದ್ದರು. ಕೇಳಿ ಕೇಳಿ ಎಲ್ಲರ ಕಿವಿಯೂ ಅದಕ್ಕೆ ಒಗ್ಗಿಹೋಗಿತ್ತು, ಅಕ್ಕನ ಕಿವಿಯೂ.

ಎತ್ತರದ ಕಟ್ಟಡಗಳ ಒಳಗೆ ನೀರು ಬರುವ ಪೈಪು, ಕೊಳಕು ಹೋಗುವ ಪೈಪು ಎಲ್ಲೆಲ್ಲಿ ಹಾಯಬೇಕು ಎಂದು ನಕ್ಷೆ ಬರೆಯುವ ಆಫೀಸು ಅದು. ಕಟ್ಟಡ ಎದ್ದು ನಿಂತ ಮೇಲೆ ಜನ ನೋಡುವುದು ಗಾಜು, ಬಣ್ಣ, ಮೆಟ್ಟಿಲು. ಪೈಪು ಯಾರಿಗೆ ಬೇಕು? ಸೋರಿದಾಗ ಮಾತ್ರ ಎಲ್ಲರಿಗೂ ಅದರ ನೆನಪಾಗುತ್ತದೆ. ಒಂದು ಮಹಡಿಗೆ ಒಂದು ನಕ್ಷೆ. ಗೆರೆ ಎಳೆಯುವುದೇನೂ ದೊಡ್ಡದಲ್ಲ. ಎಳೆದ ಪೈಪು ಯಾವ ತೊಲೆಗೂ ಗುದ್ದದೆ, ವಿದ್ಯುತ್ ತಂತಿಗೆ ಅಡ್ಡ ಬಾರದೆ, ಇಳಿಜಾರು ತಪ್ಪದೆ ಕೆಳಗಿಳಿಯುತ್ತದೆಯೇ ಎಂದು ಕಣ್ಣಲ್ಲಿ ಕಣ್ಣಿಟ್ಟು ನೋಡುವುದರಲ್ಲೇ ಹೊತ್ತೆಲ್ಲ ಹೋಗುತ್ತದೆ.

ಕುರ್ಚಿಯಿಂದ ಏಳುವ ಮುಂಚೆ ಪ್ರತಿಯೊಬ್ಬರೂ ಕಂಪ್ಯೂಟರಿನಲ್ಲಿ ಟೈಮ್‌ಶೀಟ್ ತುಂಬಬೇಕು. ಇವತ್ತು ಯಾವ ಕಟ್ಟಡದ ಯಾವ ಮಹಡಿಗೆ ಎಷ್ಟು ಗಂಟೆ ದುಡಿದೆ ಎಂದು ಒಂದು ಚೌಕದಲ್ಲಿ ಹಾಕಬೇಕು. ಎಂಟರವರೆಗೆ ಹಾಕಿದರೆ ಚೌಕ ಹಸಿರು. ಎಂಟು ದಾಟಿತೋ, ಅದು ಕೆಂಪಾಗಿ ‘ಕಾರಣ ತಿಳಿಸಿ’ ಎನ್ನುತ್ತದೆ. ಕಾರಣ ಬರೆದರೆ ಮೇಲಿನವರ ಒಪ್ಪಿಗೆಗೆ ಹೋಗುತ್ತದೆ. ಆ ಸಾಫ್ಟ್‌ವೇರ್ ಮಾಡಿದವರೇನೋ, ಪಾಪ, ಹೆಚ್ಚಿನ ದುಡಿಮೆ ಲೆಕ್ಕ ತಪ್ಪಿಹೋಗದಿರಲಿ ಅಂತಲೇ ಇದನ್ನೆಲ್ಲ ಇಟ್ಟಿದ್ದರು. ಈ ಆಫೀಸಿನಲ್ಲಿ ಮಾತ್ರ ಕೆಂಪು ಚೌಕ ಎಂದರೆ ಮೈಮೇಲೆ ಎದ್ದ ಗಂಧೆ ಇದ್ದ ಹಾಗೆ, ನಾಲ್ಕು ಜನರ ಕಣ್ಣಿಗೆ ಬೀಳುವ ಮೊದಲೇ ಮುಚ್ಚಿಬಿಡಬೇಕು.

ಮೇಲಿನವರು ಎಂದರೆ ನಗೆಸಾಹೇಬರು. ಅದು ಅವರ ಹೆಸರಲ್ಲ, ಕೆಳಗಿನವರು ಇಟ್ಟದ್ದು. ಬೈಯುವಾಗಲೂ ನಗು, ರಜೆ ಇಲ್ಲ ಎನ್ನುವಾಗಲೂ ನಗು. ಎಲ್ಲಾದರೂ ಕೆಂಪು ಕಂಡರೆ ಮೇಜಿನ ಬಳಿ ಬಂದು, ಭುಜದ ಹಿಂದಿನಿಂದ ಬಗ್ಗಿ, “ಇದೊಂಚೂರು ಸರಿ ಮಾಡಿಬಿಡಿ” ಎನ್ನುತ್ತಿದ್ದರು. ಬಾಯಲ್ಲಿ ಮಾತ್ರ, ಬರವಣಿಗೆಯಲ್ಲಿ ಎಂದೂ ಇಲ್ಲ. ಹನ್ನೆರಡು ಇದ್ದದ್ದು ಎಂಟಾಗುತ್ತಿತ್ತು. ನಾಲ್ಕು ಗಂಟೆ ಯಾರದೂ ಅಲ್ಲದ ಹಾಗೆ ಗಾಳಿಗೆ ಹೋಗುತ್ತಿತ್ತು.

ಅಕ್ಕ ಆ ಆಫೀಸು ಸೇರಿ ಒಂಬತ್ತು ವರ್ಷ ಆಗಿತ್ತು. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಯಾಕೆಂದರೆ ಯಾರ ನಕ್ಷೆ ಎಲ್ಲಿ ಸಿಕ್ಕಿಹಾಕಿಕೊಂಡರೂ ಬಿಡಿಸಿಕೊಡುವವಳು ಅವಳೇ. ಅವಳ ಚೌಕ ಕೆಂಪಾಗುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾರೂ ಹೇಳಬೇಕಾಗಿಯೇ ಇರಲಿಲ್ಲ, ಕೈ ತಾನಾಗಿ ಎಂಟು ಒತ್ತುತ್ತಿತ್ತು. ಉಳಿದವರು ಮಿಕ್ಕದ್ದನ್ನು ಮರುದಿನದ ಚೌಕಕ್ಕೆ ತಳ್ಳಿ ಒಂದು ಮಹಡಿಯನ್ನು ಒಂಬತ್ತಕ್ಕೋ ಹತ್ತಕ್ಕೋ ತಂದು ನಿಲ್ಲಿಸಿದರೆ, ಅಕ್ಕನದು ಮಾತ್ರ ಒಂದು ಮಹಡಿ, ಎಂಟು ಗಂಟೆ. ವರ್ಷದ ಸಭೆಯಲ್ಲಿ ನಗೆಸಾಹೇಬರು ಅವಳನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದರು. ಎಂಟು ಗಂಟೆಯ ಅಕ್ಕ ಎಂದು ಹೆಸರೇ ಆಗಿಹೋಯಿತು. ಸುಳ್ಳೆಂದು ತನಗೆ ಗೊತ್ತಿದ್ದರೂ ಅವಳು ಒಳಗೊಳಗೇ ಉಬ್ಬಿದ್ದು ನಿಜ. ಹೊಗಳಿಕೆ ಅಂದರೆ ಹಾಗೆ, ಮೇಲೆ ಬಿದ್ದಾಗ ಬೇಡ ಎನ್ನುವವರು ಕಡಿಮೆ.

ಹೀಗೆ ಎಲ್ಲ ಹಸಿರಾಗಿದ್ದ ಕಾಲಕ್ಕೆ ಮೇಷ್ಟ್ರು ಬಂದರು.

ಅವರು ಒಂದು ತಾಂತ್ರಿಕ ಶಾಲೆಯಲ್ಲಿ ನಕ್ಷೆ ಬರೆಯುವುದನ್ನು ಕಲಿಸಿದವರು. ಶಾಲೆ ಮುಚ್ಚಿತು, ಐವತ್ತು ದಾಟಿದ ವಯಸ್ಸಿನಲ್ಲಿ ಇಲ್ಲಿಗೆ ಬಂದು ಅಕ್ಕನ ಪಕ್ಕದ ಮೇಜಿನಲ್ಲಿ ಕೂತರು. ಆರು ತಿಂಗಳು ಪರೀಕ್ಷೆಯ ಅವಧಿ, ಆಮೇಲೆ ಖಾಯಂ ಎಂಬ ಮಾತಾಗಿತ್ತು. ಬಾರದ ಹುಡುಗನಿಗೆ ಒಂದು ದಿನವೂ ಹಾಜರಿ ಹಾಕಿದವರಲ್ಲ. ಆ ಅಭ್ಯಾಸವನ್ನೇ ಟೈಮ್‌ಶೀಟಿಗೂ ತಂದರು. ಮೊದಲ ವಾರದಿಂದಲೇ ಹನ್ನೊಂದೂವರೆ, ಹನ್ನೊಂದೂವರೆ, ಹನ್ನೆರಡು. ಅವರ ಸಾಲು ಮೆಣಸಿನಕಾಯಿ ಒಣಗಲು ಹಾಕಿದ ಹಾಗೆ ಕೆಂಪಗಾಯಿತು.

ನಗೆಸಾಹೇಬರು ಬಂದು ಬಗ್ಗಿದರು. “ಮೇಷ್ಟ್ರೇ, ಇದೊಂಚೂರು ಸರಿ ಮಾಡಿಬಿಡಿ.”

ಮೇಷ್ಟ್ರು ಕನ್ನಡಕ ಏರಿಸಿಕೊಂಡು ತೆರೆಯನ್ನು ನೋಡಿದರು, ಬೆರಳು ಮಡಚಿ ಎಣಿಸಿದರು. “ಸರಿಯಾಗೇ ಇದೆಯಲ್ಲ ಸರ್.”

“ಅಲ್ಲ, ಎಂಟು ಮಾಡಿ ಅಂತ.”

“ಎಂಟಕ್ಕೆ ಮುಗೀಲಿಲ್ಲವಲ್ಲ ಸರ್.”

“ಅದು ನಂಗೂ ಗೊತ್ತು.”

“ಗೊತ್ತಿದ್ಮೇಲೆ ಇನ್ನೇನು ಸರ್?”

ಎದುರು ಸಾಲಿನಲ್ಲಿದ್ದ ‘ಫೋನು’ ಕಿಸಕ್ಕನೆ ನಕ್ಕುಬಿಟ್ಟ. ಅವನು ದಿನಕ್ಕೆ ಹತ್ತು ಸಲ ಫೋನು ಹಿಡಿದು ಮೆಟ್ಟಿಲ ಬಳಿಗೆ ಓಡುವವನಾದ್ದರಿಂದ ಆ ಹೆಸರು. ಅಕ್ಕನೂ ಕೈ ಅಡ್ಡ ಹಿಡಿದು ನಕ್ಕಳು. ಮೇಷ್ಟ್ರು ಎದುರು ವಾದಿಸುತ್ತಿದ್ದಾರೆ ಎಂದು ಎಲ್ಲರೂ ತಿಳಿದರು. ಪಾಪದ ಮನುಷ್ಯನಿಗೆ ನಿಜವಾಗಿಯೂ ಆ ಮಾತಿನ ಅರ್ಥವೇ ಆಗಿರಲಿಲ್ಲ.

ಇವರಿಂದ ಎಂಟು ಬರೆಸಲಾಗದು ಎಂದು ನಗೆಸಾಹೇಬರಿಗೆ ಅರ್ಥವಾಯಿತು. ಆರನೆಯ ತಿಂಗಳಿನಲ್ಲಿ ಅವರು ಅಕ್ಕನನ್ನು ತಮ್ಮ ಗಾಜಿನ ಕೋಣೆಗೆ ಕರೆದು, ತೆರೆಯನ್ನು ಅವಳ ಕಡೆ ತಿರುಗಿಸಿದರು. ಎರಡು ಕಂಬಗಳ ಚಿತ್ರ. ಒಂದು ಗಿಡ್ಡ, ಒಂದು ಉದ್ದ.

“ನೋಡಿ ಅಕ್ಕಾ, ಇದು ನೀವು. ಒಂದು ಮಹಡಿಗೆ ಎಂಟು. ಇದು ನಮ್ಮ ಮೇಷ್ಟ್ರು. ಅದೇ ಕಟ್ಟಡ, ಅಂಥದೇ ಮಹಡಿ, ಹನ್ನೊಂದೂವರೆ. ತುಂಬಾ ನಿಧಾನ. ನಾನು ಹೇಳ್ತಿರೋದಲ್ಲ, ಕಂಪ್ಯೂಟರ್ ಹೇಳ್ತಿರೋದು.”

ಅಕ್ಕ ಆ ಗಿಡ್ಡ ಕಂಬವನ್ನೇ ನೋಡಿದಳು.

“ತಿಂಗಳ ಕೊನೆಗೆ ಅವರ ಅವಧಿ ಮುಗಿಯುತ್ತೆ. ಕಳಿಸಿಬಿಡೋಣ ಅಂತಿದೀನಿ. ನೀವು ಹಿರಿಯರು, ಪಕ್ಕದಲ್ಲೇ ಕೂತಿರೋರು. ಕೆಲಸ ನಿಧಾನ ಅಂತ ಎರಡು ಸಾಲು ಬರೆದುಕೊಡಿ ಸಾಕು.” ನಗು ಇನ್ನಷ್ಟು ಅಗಲವಾಯಿತು. “ಹಾಗೇ, ತಂಡಕ್ಕೆ ಒಬ್ಬ ಮುಖ್ಯಸ್ಥರು ಬೇಕು ಅಂತ ಮಾಲೀಕರು ಹೇಳ್ತಾ ಇದ್ರು. ನಂಗೆ ತಕ್ಷಣ ನಿಮ್ಮ ನೆನಪೇ ಬಂತು.”

‘ಆ ಮಹಡಿಗೆ ನನಗೂ ಅಷ್ಟೇ ಹೊತ್ತು ಹಿಡಿದಿತ್ತು’ ಎನ್ನುವ ಮಾತು ಗಂಟಲಿನವರೆಗೆ ಬಂತು. ಅಲ್ಲೇ ಕೂತಿತು. “ನೋಡ್ತೀನಿ ಸರ್” ಎಂದು ಎದ್ದು ಬಂದಳು.

ಮೇಜಿಗೆ ವಾಪಸ್ಸು ಬರುವಷ್ಟರಲ್ಲಿ ಮೇಷ್ಟ್ರು ಅವಳಿಗಾಗಿಯೇ ಕಾಯುತ್ತಿದ್ದರು. ಕೈಯಲ್ಲಿ ಅವಳದೇ ಒಂದು ಹಳೆಯ ನಕ್ಷೆ, ಅಂಚಿನಲ್ಲೆಲ್ಲ ಪೆನ್ಸಿಲಿನ ಗುರುತು.

“ಅಕ್ಕಾ, ಒಂದು ಮಾತು ಕೇಳ್ಲಾ? ತಪ್ಪು ತಿಳೀಬೇಡಿ. ನೀವು ಎಂಟಕ್ಕೆ ಮುಗಿಸ್ತೀರಂತಲ್ಲ, ಅದು ಹೇಗೆ? ನಾನು ದಿನಾ ಬೇಗ ಬಂದು ನಿಮ್ಮ ನಕ್ಷೆ ಇಟ್ಕೊಂಡು ಅಭ್ಯಾಸ ಮಾಡ್ತಾ ಇದೀನಿ. ಎಲ್ಲಿ ಹೊತ್ತು ಕಳೀತಾ ಇದೀನಿ ಅಂತಾನೇ ಗೊತ್ತಾಗ್ತಿಲ್ಲ. ವಯಸ್ಸಾಯ್ತೇನೋ.”

ಅಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಾನು ಪುಕ್ಕಟೆ ಬಿಟ್ಟುಕೊಟ್ಟ ಸಂಜೆಗಳು ತನ್ನೊಬ್ಬಳ ಕಷ್ಟ ಎಂದುಕೊಂಡಿದ್ದಳು. ಅವು ಅಳತೆಕೋಲಾಗಿ ನಿಂತು ಪಕ್ಕದವರ ಬೆನ್ನಿಗೆ ಬೀಳುತ್ತಿವೆ ಎಂದು ಅವಳಿಗೆ ಹೊಳೆದಿರಲೇ ಇಲ್ಲ. ಅಷ್ಟು ಚೊಕ್ಕವಾಗಿ ಗೆರೆ ಎಳೆಯುವ ತನ್ನ ಕೈಯನ್ನು ಆ ಮನುಷ್ಯ ತಾನೇ ಅನುಮಾನಿಸುತ್ತಿದ್ದ. “ನಾಳೆ ಹೇಳ್ತೀನಿ ಮೇಷ್ಟ್ರೇ” ಎಂದು ತಲೆ ತಗ್ಗಿಸಿ ಕೂತಳು. ನಾಳೆಯೂ ಹೇಳಲಿಲ್ಲ, ನಾಡಿದ್ದೂ ಹೇಳಲಿಲ್ಲ.

ಭಾನುವಾರ ಮನೆಯಲ್ಲಿ ಒಗೆದ ಬಟ್ಟೆಯ ರಾಶಿ ಮಡಚುತ್ತಾ ಅವಳು ಇದನ್ನೆಲ್ಲ ಹೇಳಿದಳು. ಕೇಳುವವರು ಇಬ್ಬರು. ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಗಂಡ ಮತ್ತು ಅವನ ತಾಯಿ. ಅತ್ತೆ ಹಿಂದೆ ಟೆಲಿಫೋನ್ ಆಫೀಸಿನಲ್ಲಿ ದೂರದೂರಿನ ಕರೆಗಳನ್ನು ಜೋಡಿಸಿಕೊಡುತ್ತಿದ್ದವರು. ಮಾತಿನ ಮಧ್ಯೆ ‘ಮೂರು ನಿಮಿಷ ಆಯ್ತು’ ಎಂದು ಎಷ್ಟು ಜನರ ಜಗಳ ನಿಲ್ಲಿಸಿದ್ದರೋ, ಎಷ್ಟು ಪ್ರೇಮಿಗಳ ಶಾಪ ಹಾಕಿಸಿಕೊಂಡಿದ್ದರೋ. ನಿಮಿಷದ ವಿಷಯಕ್ಕೆ ಬಂದರೆ ಇಂದಿಗೂ ಬಲು ಖಡಕ್ಕು.

“ಎರಡು ಸಾಲು ಬರೆಯೋಕೆ ಆಗಲ್ಲ ಅಂದುಬಿಡು” ಎಂದ ಗಂಡ. “ಅಷ್ಟೇ ತಾನೇ?”

“ಬರೀದಿದ್ರೂ ಆ ಕಂಬ ಇರುತ್ತಲ್ಲ. ಅವರನ್ನ ಕಳಿಸೋಕೆ ಅದೇ ಸಾಕು.”

“ಹಂಗಾದ್ರೆ ಎಂಟಲ್ಲ, ಹನ್ನೆರಡು ಅಂತ ಹೇಳು.”

“ಒಂಬತ್ತು ವರ್ಷದಿಂದ ಎಂಟು ಅಂತ ಬರ್ಕೊಂಡು ಬಂದು ಈಗ ಹೇಳಿದ್ರೆ ಯಾರು ನಂಬ್ತಾರೆ? ಮುಖ್ಯಸ್ಥೆ ಕೆಲಸಾನೂ ಹೋಗುತ್ತೆ, ಇರೋ ಹೆಸರೂ ಹೋಗುತ್ತೆ.”

ಅತ್ತೆ ಮಡಚುತ್ತಿದ್ದ ದಿಂಬಿನ ಚೀಲ ಕೆಳಗಿಟ್ಟರು. ಸೊಸೆಯ ಮುಖವನ್ನೇ ನೋಡಿದರು. “ಅಲ್ಲ ಕಣೇ, ನೀನು ಎಂಟೇ ಗಂಟೆ ಕೆಲಸ ಮಾಡಿದ್ದು ಅಂತ ನಿನ್ನ ಕೈಯಾರೆ ಬರೆದಿದೀಯ. ಸರಿ. ಮಿಕ್ಕ ಹೊತ್ತು ಎಲ್ಲಿದ್ದೆ ಹಾಗಾದ್ರೆ? ಮನೇಲಂತೂ ಇರ್ಲಿಲ್ಲ. ಅದಕ್ಕೆ ನಾನು ಸಾಕ್ಷಿ.”

ಗಂಡ ನಕ್ಕ. ಮೂಲೆಯಲ್ಲಿ ಬಣ್ಣದ ಪೆನ್ಸಿಲು ಕೆರೆಯುತ್ತಿದ್ದ ಮಗಳೂ ಅಜ್ಜಿ ಏನೋ ತಮಾಷೆ ಮಾಡಿದರು ಎಂದು ನಕ್ಕಳು. ಅಕ್ಕನಿಗೆ ನಗು ಬರಲಿಲ್ಲ. ಆಫೀಸಿನ ಲೆಕ್ಕದಲ್ಲಿ ಅವಳು ಆಫೀಸಿನಲ್ಲಿರಲಿಲ್ಲ. ಮನೆಯ ಲೆಕ್ಕದಲ್ಲಿ ಮನೆಯಲ್ಲಿರಲಿಲ್ಲ. ಬದುಕಿನ ಅಷ್ಟು ದೊಡ್ಡ ಪಾಲಿನಲ್ಲಿ ಅವಳು ಎಲ್ಲೂ ಇರಲಿಲ್ಲ ಎಂದಾಯಿತು. ಮೈಯೆಲ್ಲ ಉರಿದುಹೋಯಿತು ಅವಳಿಗೆ.

ಉರಿದರೇನು, ಹಳೆಯ ವಾರಗಳಿಗೆ ಸಾಫ್ಟ್‌ವೇರಿನಲ್ಲಿ ಬೀಗ ಬಿದ್ದಿರುತ್ತದೆ. ನಗೆಸಾಹೇಬರು ತೆಗೆಯದೆ ಒಂದು ಅಂಕಿಯನ್ನೂ ಅಲ್ಲಾಡಿಸುವ ಹಾಗಿಲ್ಲ. ಆ ಬೀಗವನ್ನು ನಗೆಸಾಹೇಬರೇ ತೆಗೆದದ್ದು ಮಂಗಳವಾರ.

ಆಫೀಸಿನ ದಾಖಲೆಗಳು ಚೊಕ್ಕವಾಗಿವೆಯೇ ಎಂದು ನೋಡುವ ತಪಾಸಣೆಯವರು ಮುಂದಿನ ಸೋಮವಾರ ಬರುವವರಿದ್ದರು. ಒಪ್ಪಿಗೆಯಿಲ್ಲದ ಟೈಮ್‌ಶೀಟ್ ಒಂದೂ ಉಳಿದಿರಬಾರದು. ಮೇಷ್ಟ್ರ ಕೆಂಪು ಚೌಕಗಳೋ, ಐದು ತಿಂಗಳಿಂದ ಒಪ್ಪಿಗೆ ಕಾಣದೆ ಬಿದ್ದಿದ್ದವು. ಅವರೊಬ್ಬರಿಗೇ ಹೇಳಿದರೆ ಮತ್ತೆ ‘ಸರಿಯಾಗೇ ಇದೆಯಲ್ಲ ಸರ್’ ಎಂದಾರು ಎಂದು ನಗೆಸಾಹೇಬರು ಎಲ್ಲರಿಗೂ ಒಟ್ಟಿಗೆ ಒಂದು ಮೇಲ್ ಕಳಿಸಿದರು. ತಮ್ಮ ಶ್ರದ್ಧೆ ನಾಲ್ಕು ಜನಕ್ಕೆ ತಿಳಿಯಲಿ ಎಂದು ಅದರ ಪ್ರತಿಯನ್ನು ಮಾಲೀಕರಿಗೂ ತಪಾಸಣೆಯವರಿಗೂ ಹಾಕಿದರು. ‘ಈ ಕಟ್ಟಡದ ಕೆಲಸ ಶುರುವಾದಾಗಿನಿಂದ ಎಲ್ಲ ವಾರಗಳ ಬೀಗ ತೆಗೆದಿದ್ದೇನೆ. ಶುಕ್ರವಾರದೊಳಗೆ ಪ್ರತಿಯೊಬ್ಬರೂ ತಮ್ಮ ಟೈಮ್‌ಶೀಟ್ ಸರಿ ಮಾಡಿ ಕಳಿಸತಕ್ಕದ್ದು.’

ವರ್ಷಗಟ್ಟಲೆ ಬಾಯಲ್ಲಿ ಆಡಿದ ಮಾತು ಅಭ್ಯಾಸಬಲದಿಂದ ಬರವಣಿಗೆಗೆ ಇಳಿದುಬಿಟ್ಟಿತ್ತು. ನಾಲ್ಕು ಗೋಡೆಯೊಳಗೆ ಅದಕ್ಕೊಂದು ಅರ್ಥ, ಗೋಡೆಯ ಹೊರಗೆ ಇನ್ನೊಂದು ಎನ್ನುವುದು ಅವರಿಗೇ ಮರೆತುಹೋಗಿತ್ತು. ಅಕ್ಕ ಆ ಮೇಲನ್ನು ಓದಿದಳು. ಮತ್ತೆ ಓದಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

“ಮೇಷ್ಟ್ರೇ, ಅವತ್ತು ಕೇಳಿದ್ರಲ್ಲ, ಎಂಟಕ್ಕೆ ಹೇಗೆ ಮುಗಿಸ್ತೀರಿ ಅಂತ. ಮುಗಿಸಲ್ಲ. ನಾನು ಒಂದು ದಿನಾನೂ ಮುಗಿಸಿಲ್ಲ. ಬರೆದಿದ್ದೆಲ್ಲ ಸುಳ್ಳು.”

ಮೇಷ್ಟ್ರು ಕನ್ನಡಕ ತೆಗೆದರು. ಒರೆಸಿದರು. ಅವರಿಗೆ ಸಿಟ್ಟು ಬರಬಹುದು ಎಂದು ಅಕ್ಕ ಕಾದಳು. ಅವರ ಭುಜ ಇಳಿದು, ಉಸಿರು ಹಗುರಾಗಿ ಹೊರಬಂತು. “ಹಂಗಾದ್ರೆ ನಂಗೇನೂ ಆಗಿಲ್ಲ” ಎಂದರು. ಅಷ್ಟೇ ಅಂದದ್ದು. ಅದನ್ನು ಕೇಳಿ ಅಕ್ಕನ ಕಣ್ಣು ಒದ್ದೆಯಾಯಿತು.

ಸರಿ ಮಾಡುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಬಾಯಿಗೆ ಬಂದ ಅಂಕಿ ಹಾಕಿದರೆ ಹಳೆಯ ಸುಳ್ಳು ಹೋಗಿ ಹೊಸ ಸುಳ್ಳು ಬಂದಂತೆ. ನಕ್ಷೆಯ ಫೈಲು ಪ್ರತಿ ಸಲ ಸೇವ್ ಆದಾಗಲೂ ಕಂಪ್ಯೂಟರು ಹೊತ್ತನ್ನು ಗುರುತು ಹಾಕಿಕೊಂಡಿರುತ್ತದೆ. ಅಕ್ಕ ಒಂದೊಂದೇ ಫೈಲು ತೆಗೆದು ನೋಡಿದಳು. ಊಟದ ಹೊತ್ತು ಕಳೆದಳು. ಟೀ ಕುಡಿಯಲು ಹೋದದ್ದನ್ನು ಕಳೆದಳು. ಮಗಳಿಗೆ ಜ್ವರ ಬಂದಾಗ ಫೋನಿನಲ್ಲಿ ಮಾತಾಡುತ್ತಾ ಕಾರಿಡಾರಿನಲ್ಲಿ ನಿಂತದ್ದು ನೆನಪಿಗೆ ಬಂತು, ಅದನ್ನೂ ಕಳೆದಳು. ಸಂಶಯ ಬಂದ ಕಡೆ ಕಡಿಮೆಯೇ ಹಾಕಿದಳು. ಒಂದು ದಿನ ಹಲ್ಲುನೋವೆಂದು ಬೇಗ ಎದ್ದಿದ್ದಳು, ಎಂಟು ಎಂದು ಬರೆದಿದ್ದಳು; ಅದನ್ನು ಏಳಕ್ಕಿಳಿಸಿದಳು. ಒಂದು ಕೂದಲೆಳೆಯಷ್ಟು ಹೆಚ್ಚು ಹಾಕಿದಳು ಎಂದು ಯಾರೂ ಬೆರಳು ತೋರಿಸಬಾರದು. ಕಳೆದು ಕಳೆದು ಉಳಿದದ್ದೇ ಹನ್ನೊಂದು, ಹನ್ನೆರಡು, ಹನ್ನೆರಡೂವರೆ. ‘ಕಾರಣ ತಿಳಿಸಿ’ ಎಂದಲ್ಲೆಲ್ಲ ಒಂದೇ ಕಾರಣ ಬರೆದಳು: ಕೆಲಸ ಮುಗಿದಿರಲಿಲ್ಲ.

ಇದಕ್ಕೆಲ್ಲ ಹಿಡಿದ ಹೊತ್ತನ್ನೂ ಅವತ್ತಿನ ಟೈಮ್‌ಶೀಟಿನಲ್ಲಿ ಹಾಕಿದಳು. ಕೆಲಸದ ವಿವರ: ಟೈಮ್‌ಶೀಟ್ ಸರಿ ಮಾಡಿದ್ದು.

ಗುರುವಾರ ಫೋನು ಅವಳ ತೆರೆಯ ಮುಂದೆ ನಿಂತುಬಿಟ್ಟ. “ಅಕ್ಕಾ! ಇದೇನು, ಇಡೀ ಪಟ್ಟಿಗೆ ಬೆಂಕಿ ಬಿದ್ದಿದೆ! ನಿಮಗೇನಾದ್ರೂ ತಲೆ ಕೆಟ್ಟಿದೆಯಾ?”

“ಸರಿ ಮಾಡಿ ಅಂದ್ರಲ್ಲ, ಮಾಡ್ತಾ ಇದೀನಿ.”

“ಸರಿ ಮಾಡೋದು ಅಂದ್ರೆ ಇದಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತು.”

“ಮೇಲ್‌ನಲ್ಲಿ ಹಾಗಂತ ಬರೆದಿದೆಯಾ?”

ಫೋನು ಗೊಣಗಿಕೊಂಡು ಹೋದ. ಅಕ್ಕನಿಂದ ಎಲ್ಲರಿಗೂ ತೊಂದರೆ ಎಂದು ಊಟದ ಕೋಣೆಯಲ್ಲಿ ನಾಲ್ಕು ಜನರ ಮುಂದೆ ಅಂದನಂತೆ. ಮಧ್ಯಾಹ್ನದ ಮೇಲೆ ಕಳ್ಳ ಹೆಜ್ಜೆಯಲ್ಲಿ ಮತ್ತೆ ಬಂದು ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಅಕ್ಕಾ, ಫೈಲು ಸೇವ್ ಆದ ಹೊತ್ತು ಎಲ್ಲಿ ಕಾಣುತ್ತೆ?”

ಅಕ್ಕ ತೋರಿಸಿದಳು.

“ಫೋನಲ್ಲಿ ಮಾತಾಡಿದ್ದನ್ನೂ ಕಳೀಬೇಕಾ?”

“ಕಳೀಬೇಕು.”

“ಎಲ್ಲಾನೂ?”

“ಎಲ್ಲಾನೂ.”

“ಅಯ್ಯೋ, ಹಾಗಾದ್ರೆ ನಾನೇ ಆಫೀಸಿಗೆ ವಾಪಸ್ಸು ಗಂಟೆ ಕೊಡಬೇಕಾಗುತ್ತೆ” ಎಂದ. ಎಲ್ಲ ಕಳೆದ ಮೇಲೂ ಅವನದು ಹನ್ನೆರಡರ ಹತ್ತಿರ ಬಂತು. ಅವನಿಗೇ ನಂಬಿಕೆಯಾಗದೆ ಎರಡನೆಯ ಸಲ ಕೂಡಿಸಿದ. ಆಮೇಲೆ ಫೋನನ್ನು ಬದಿಗಿಟ್ಟು ತನ್ನ ಚೌಕಗಳನ್ನು ತಿದ್ದಲು ಕೂತ, ಅವನನ್ನು ನೋಡಿ ಉಳಿದವರೂ ಕೂತರು.

ಶುಕ್ರವಾರ ಬೆಳಿಗ್ಗೆ ಅಕ್ಕನಿಗೆ ಗಾಜಿನ ಕೋಣೆಯಿಂದ ಕರೆ ಬಂತು. ಒಳಗೆ ಹೋದಾಗ ನಗೆಸಾಹೇಬರ ಮುಖದಲ್ಲಿ ನಗು ಇರಲಿಲ್ಲ. ಇಲ್ಲದಾಗ ಅದು ಬೇರೆ ಯಾರದೋ ಮುಖದ ಹಾಗೆ ಕಂಡಿತು.

“ಏನ್ರೀ ಇದು? ಸರಿ ಮಾಡಿ ಅಂದ್ರೆ ಏನು ಮಾಡಿಟ್ಟಿದೀರಿ?”

“ಸರಿ ಮಾಡಿದೀನಿ ಸರ್.”

“ಆಟ ಆಡ್ಬೇಡಿ. ನಾನು ಏನು ಹೇಳಿದ್ದು ಅಂತ ನಿಮಗೆ ಚೆನ್ನಾಗಿ ಗೊತ್ತು.”

“ಏನು ಹೇಳಿದ್ದು ಸರ್? ಬಾಯಿಬಿಟ್ಟು ಹೇಳಿ. ಎಂಟು ಗಂಟೆ ಅಂತ ಸುಳ್ಳು ಬರೀರಿ ಅಂತಾನಾ?”

 ಅಕ್ಕನ ದನಿ ನಡುಗಲಿಲ್ಲ. ಅದು ಅವಳಿಗೇ ಆಶ್ಚರ್ಯ.

ನಗೆಸಾಹೇಬರು ಮೌಸ್ ಎಳೆದುಕೊಂಡರು. “ನೀವು ಮಾಡಲ್ಲ ಅಂದ್ರೆ ನಾನೇ ಎಲ್ಲಾನೂ ತಿರಸ್ಕಾರ ಮಾಡಿ ವಾಪಸ್ಸು ಕಳಿಸ್ತೀನಿ.”

“ಕಳಿಸಿ ಸರ್.”

ಅವರು ಒತ್ತಿದರು. ತೆರೆಯ ಮೇಲೆ ಸಣ್ಣ ಪೆಟ್ಟಿಗೆಯೊಂದು ತೆರೆಯಿತು: ತಿರಸ್ಕರಿಸಲು ಕಾರಣ ತಿಳಿಸಿ. ಅದೂ ದಾಖಲೆಗೆ ಹೋಗುತ್ತದೆ, ಸೋಮವಾರ ತಪಾಸಣೆಯವರು ಓದುತ್ತಾರೆ. ನಗೆಸಾಹೇಬರ ಬೆರಳು ಕೀಲಿಗಳ ಮೇಲೆ ನಿಂತವು. ಒಂದು ಪದ ಹೊಡೆದರು, ಅಳಿಸಿದರು. ಮತ್ತೊಂದು ಹೊಡೆದರು, ಅದನ್ನೂ ಅಳಿಸಿದರು.

“ಬರೀರಿ ಸರ್” ಎಂದಳು ಅಕ್ಕ. “ಇಷ್ಟು ವರ್ಷ ನಮ್ಮನ್ನ ಕೇಳ್ತಾ ಇತ್ತು. ಇವತ್ತು ನಿಮ್ಮನ್ನ ಕೇಳ್ತಾ ಇದೆ.”

ಅವರು ಕುರ್ಚಿಗೆ ಒರಗಿದರು. ದನಿ ಮೆತ್ತಗಾಯಿತು. “ಅಕ್ಕಾ, ಯೋಚನೆ ಮಾಡಿ. ಮುಖ್ಯಸ್ಥೆ ಆಗೋರು ನೀವು. ಇದು ಹೀಗೇ ಹೋದ್ರೆ ನೀವೂ ನಿಧಾನ ಅಂತಾಗುತ್ತೆ. ಬೇಕಾದ್ರೆ ಒಂದು ಮಾತು. ಮೇಷ್ಟ್ರನ್ನ ಉಳಿಸ್ಕೋತೀನಿ. ನೀವು ನಿಮ್ಮದನ್ನ ಮತ್ತೆ ಎಂಟು ಮಾಡಿ.”

ಅಕ್ಕನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೇಷ್ಟ್ರು ಉಳಿಯುತ್ತಾರೆ, ತನ್ನ ಹೆಸರೂ ಉಳಿಯುತ್ತದೆ, ಒಂದು ಬೆರಳು ಅಲ್ಲಾಡಿಸಿದರೆ ಸಾಕು. ಆದರೆ ಎಂಟು ಉಳಿದರೆ ಆ ಗಿಡ್ಡ ಕಂಬವೂ ಉಳಿಯುತ್ತದೆ. ಇವತ್ತು ಮೇಷ್ಟ್ರು, ನಾಳೆ ಅದರ ಪಕ್ಕದಲ್ಲಿ ನಿಲ್ಲಿಸಲು ಇನ್ನೊಬ್ಬರು ಸಿಗುತ್ತಾರೆ.

“ಮೇಷ್ಟ್ರು ನಿಧಾನ ಅಲ್ಲ ಸರ್. ನಾನೂ ಅಲ್ಲ. ಆ ಕೆಲಸ ಅಷ್ಟು ಹೊತ್ತು ಹಿಡಿಯುತ್ತೆ. ಆ ಎರಡು ಸಾಲು ಕೇಳಿದ್ರಲ್ಲ, ಇದೇ. ಬೇಕಾದ್ರೆ ಬರೆದು ಸಹಿ ಹಾಕ್ಕೊಡ್ತೀನಿ.”

ಎದ್ದು ಬಂದಳು. 

ಒಪ್ಪಿಗೆಯಿಲ್ಲದೆ ಬಿಟ್ಟರೆ ತಪಾಸಣೆಯಲ್ಲಿ ಮುಖಭಂಗ. ತಿರಸ್ಕರಿಸಲು ಕಾರಣವಿಲ್ಲ. ಬೇರೆ ದಾರಿ ಕಾಣದೆ ನಗೆಸಾಹೇಬರು ಸಂಜೆಯ ಹೊತ್ತಿಗೆ ಒಂದೊಂದಾಗಿ ಒಪ್ಪಿಗೆ ಒತ್ತಿದರು. ಅಕ್ಕನವು, ಫೋನಿನವು, ಉಳಿದವರವು, ಐದು ತಿಂಗಳಿಂದ ಬಿದ್ದಿದ್ದ ಮೇಷ್ಟ್ರವು. ಒಪ್ಪಿಗೆ ಬಿದ್ದದ್ದೇ ತಡ, ಸಾಫ್ಟ್‌ವೇರು ತನ್ನ ಪಾಡಿಗೆ ತಾನು ಹೊಸ ಲೆಕ್ಕ ಹಾಕಿ ಎಲ್ಲರ ತೆರೆಗೂ ಹೊಸ ಕಂಬಗಳನ್ನು ಕಳಿಸಿತು. ಫೋನು, ಹನ್ನೆರಡು. ಅಕ್ಕ, ಹನ್ನೊಂದೂಮುಕ್ಕಾಲು. ಮೇಷ್ಟ್ರು, ಹನ್ನೊಂದೂವರೆ. ಎಲ್ಲರಿಗಿಂತ ಗಿಡ್ಡ ಕಂಬ ಮೇಷ್ಟ್ರದು. ಅದರ ತಲೆಯ ಮೇಲೆ ಸಣ್ಣದೊಂದು ಹಸಿರು ನಕ್ಷತ್ರ.

“ಮೇಷ್ಟ್ರು ಫಸ್ಟು!” ಎಂದು ಫೋನು ಕುರ್ಚಿ ಬಿಟ್ಟು ಎದ್ದ.

ಮೇಷ್ಟ್ರು ನಾಚಿಕೊಂಡರು. “ಏನೋ ತಪ್ಪಾಗಿರ್ಬೇಕು ಅಕ್ಕಾ.”

“ಏನೂ ತಪ್ಪಾಗಿಲ್ಲ” ಎಂದಳು ಅಕ್ಕ. ಎದೆಯಲ್ಲಿ ಸಣ್ಣಗೆ ಚುರ್ ಎಂದಿತು. ಇಷ್ಟು ವರ್ಷ ಮೊದಲ ಸ್ಥಾನದವಳು ಎನ್ನಿಸಿಕೊಂಡಿದ್ದವಳಲ್ಲವೇ? ಹೊಟ್ಟೆಕಿಚ್ಚು ಕಾಲು ಗಂಟೆಯದು ಮಾತ್ರ ಎಂದುಕೊಂಡು ಅವಳೂ ಚಪ್ಪಾಳೆ ತಟ್ಟಿದಳು.

ತಿಂಗಳು ಮುಗಿಯಿತು. ಎಲ್ಲರಿಗಿಂತ ಬೇಗ ಮುಗಿಸುವವನನ್ನು ನಿಧಾನ ಎಂದು ಕಳಿಸುವುದು ಹೇಗೆ? ಕೊನೆಯ ಶುಕ್ರವಾರ ಮೇಷ್ಟ್ರ ಕೈಗೆ ಖಾಯಂ ಪತ್ರ ಬಂತು. ಮುಖ್ಯಸ್ಥೆಯ ವಿಚಾರವನ್ನು ಯಾರೂ ಎತ್ತಲಿಲ್ಲ, ಅಕ್ಕನೂ ಕೇಳಲಿಲ್ಲ. ಮೇಷ್ಟ್ರು ಪತ್ರವನ್ನು ಮಡಚಿ ಜೇಬಿಗಿಟ್ಟು, ತೆಗೆದು ಓದಿ, ಮತ್ತೆ ಮಡಚಿ ಇಡುತ್ತಿದ್ದರು. ಆ ಹೊತ್ತಿಗೆ ನಗೆಸಾಹೇಬರು ಅಕ್ಕನ ಮೇಜಿನ ಬಳಿ ಬಂದರು. ಆಫೀಸು ಬಿಡುವ ಸಮಯ. ನಗು ವಾಪಸ್ಸು ಬಂದಿತ್ತು.

“ಅಕ್ಕಾ, ಹದಿನಾಲ್ಕನೇ ಮಹಡಿ ಇವತ್ತೇ ಬೇಕಂತೆ. ತುಂಬಾ ಅರ್ಜೆಂಟು. ಒಂಚೂರು ಕೂತು ಮುಗಿಸಿಕೊಡಿ.”

ಒಂಬತ್ತು ವರ್ಷ ಕೇಳಿದ ಮಾತು. ಅಕ್ಕ ಚೀಲ ಕೆಳಗಿಟ್ಟಳು. “ಆಯ್ತು ಸರ್, ಕೂತ್ಕೋತೀನಿ. ಎಷ್ಟು ಹಿಡಿಯುತ್ತೋ ಅಷ್ಟನ್ನೂ ಟೈಮ್‌ಶೀಟಲ್ಲಿ ಹಾಕ್ತೀನಿ.”

ನಗೆಸಾಹೇಬರು ನಿಂತರು. “ಎಷ್ಟಾಗ್ಬಹುದು?”

“ನಾಲ್ಕು ಗಂಟೆ.”

ಅವರು ಕಿಟಕಿ ನೋಡಿದರು, ಕೈಗಡಿಯಾರ ನೋಡಿದರು, ಅಕ್ಕನ ತೆರೆ ನೋಡಿದರು. “ಹಂಗಾದ್ರೆ ಬಿಡಿ. ಅಷ್ಟೇನೂ ಅವಸರ ಇಲ್ಲ. ನಾಳೆ ಬಂದು ಮಾಡಿದ್ರೂ ನಡೆಯುತ್ತೆ.”

ಅಷ್ಟು ಹೇಳಿ ನಡೆದರು. “ಅಕ್ಕಾ, ಗೆದ್ದುಬಿಟ್ರಿ!” ಎಂದು ಫೋನು ಪಿಸುಗುಟ್ಟಿದ. ಅಕ್ಕನಿಗೆ ನಗು ಬರಬೇಕಿತ್ತು. ಬಂದದ್ದು ಸಿಟ್ಟು, ಕಣ್ಣು ಕತ್ತಲೆ ಬರುವಂಥ ಸಿಟ್ಟು. ನಾಳೆ ಮಾಡಿದರೂ ನಡೆಯುತ್ತದಂತೆ. ಮಗಳು ಮೊದಲ ಸಲ ಸೈಕಲ್ಲು ಬಿಟ್ಟ ಸಂಜೆಯೂ ಯಾವುದೋ ಮಹಡಿ ಅರ್ಜೆಂಟಿತ್ತು. ಅತ್ತೆಗೆ ಕಣ್ಣಿನ ಆಪರೇಷನ್ ಆದ ದಿನವೂ ಅರ್ಜೆಂಟಿತ್ತು. ಬರೆಯದೇ ಹೋದಾಗ ಎಲ್ಲವೂ ಇವತ್ತೇ ಆಗಬೇಕಿತ್ತು. ಬರೆಯುತ್ತೇನೆ ಎಂದ ಕೂಡಲೇ ನಾಳೆಗೆ ಹೋಯಿತು. ಹಾಗಾದರೆ ಅವತ್ತೂ ನಾಳೆಗೆ ಹೋಗಬಹುದಾಗಿತ್ತು. ಅಷ್ಟು ಸಂಜೆಗಳಲ್ಲಿ ಯಾವ ಸಂಜೆಯ ಕೆಲಸವೂ ನಾಳೆಗೆ ಹೋಗಬಹುದಾಗಿತ್ತು.

ಅಕ್ಕ ಚೀಲವನ್ನು ಹೆಗಲಿಗೆ ಏರಿಸಿದಳು.

“ಸರ್!” ಎಂದು ಇಡೀ ಆಫೀಸಿಗೆ ಕೇಳುವಂತೆ ಕೂಗಿದಳು. ನಗೆಸಾಹೇಬರು ಗಾಜಿನ ಕೋಣೆಯ ಬಾಗಿಲಲ್ಲೇ ತಿರುಗಿ ನಿಂತರು.

“ನಾಳೆ ಶನಿವಾರ, ರಜಾ. ಸೋಮವಾರ ಬಂದು ಮಾಡ್ತೀನಿ.”